ಅಪ್‌ಡೇಟ್: ಎಂಡೆಬೆಲೆ ಅರಮನೆ ಫೋಟೋ, ಜಾಗ ಯಾವುದೆಂದು ತಿಳಿಯಿತು

ಕೇಳಿದ್ದ ಪ್ರಶ್ನೆ: ಶೀರ್ಷಿಕೆ 'ಎಂಡೆಬೆಲೆ ರಾಜನ ಬೀಡು', ಆದರೆ ಗೋಡೆಗಳಲ್ಲಿ ಬಣ್ಣದ ಚಿತ್ತಾರವೇ ಇಲ್ಲವಲ್ಲ, ಏಕೆ?

ಎಡವಟ್ಟಾಗಿದ್ದು ಹೆಸರಿನಲ್ಲಿ. ಎಂಡೆಬೆಲೆ ಎಂಬ ಹೆಸರಿನ ಜನಾಂಗಗಳು ಎರಡು: ಒಂದು ದಕ್ಷಿಣ ಆಫ್ರಿಕಾದಲ್ಲಿ, ಇನ್ನೊಂದು ಜಿಂಬಾಬ್ವೆಯಲ್ಲಿ. ಚಿತ್ತಾರದ ಗೋಡೆಗಳು ದಕ್ಷಿಣ ಆಫ್ರಿಕಾದ ಎಂಡೆಬೆಲೆಗಳದ್ದು. ಅವು ಹೆಸರುವಾಸಿಯಾದದ್ದು 20ನೇ ಶತಮಾನದಲ್ಲಿ. ಈ ಫೋಟೋ ಇಂದಿನ ಜಿಂಬಾಬ್ವೆಯದು, ಅಲ್ಲಿನ ಎಂಡೆಬೆಲೆಗಳ ದೊರೆ ಲೊಬೆಂಗುಲನ ರಾಜಧಾನಿ ಬುಲವಾಯೊ. ಹುಲ್ಲು ಹೊದಿಸಿದ ಜೇನುಗೂಡಿನಾಕಾರದ ಗುಡಿಸಲುಗಳೇ ಮುಖ್ಯ ಸುಳಿವು.

ಕಾಲ ನಿರ್ಣಯ ಸ್ವಲ್ಪ ತೊಡಕು. ಬುಲವಾಯೊ ಒಂದಲ್ಲ, ಎರಡು. ಮೊದಲನೆಯದನ್ನು 1881ರಲ್ಲಿ ಬಿಟ್ಟು ದೊರೆ ಉತ್ತರಕ್ಕೆ ಹೋದ. ಎರಡನೆಯದು 1893ರ ನವೆಂಬರಿನಲ್ಲಿ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿಯ ಪಡೆ ಬರುವ ಹೊತ್ತಿಗೆ ಸುಟ್ಟುಹೋಯಿತು. ಇಟ್ಟಿಗೆ ಮನೆ ಎರಡೂ ಕಡೆ ಇತ್ತು, ಹಾಗಾಗಿ ಅದನ್ನು ನೋಡಿ ತೀರ್ಮಾನಿಸುವಂತಿಲ್ಲ. ಆದರೂ 1893 ಗಟ್ಟಿ ಗಡಿ: ಅರಮನೆ ಇಡಿಯಾಗಿ ನಿಂತಿದ್ದರೆ ಫೋಟೋ ಅದಕ್ಕಿಂತ ಹಿಂದಿನದು.

ಎರಡರಲ್ಲಿ ಯಾವ ಬುಲವಾಯೊ ಎಂದು ತಿಳಿಯಲು ದಿಗಂತದ ಗುಡ್ಡಗಳನ್ನು ಹೋಲಿಸಬಹುದು, ಆದರೆ ಅದಕ್ಕೂ ಮೊದಲು ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿದೆಯೇ ನೋಡಬೇಕು. ಗಾಜಿನ ನೆಗೆಟಿವ್ ಮಗುಚಿಟ್ಟು ಪ್ರಿಂಟ್ ಹಾಕಿದರೆ ಹಾಗಾಗುತ್ತದೆ. ಗುರಾಣಿ ಸಾಮಾನ್ಯವಾಗಿ ಎಡಗೈಯಲ್ಲಿರುತ್ತದೆ, ಹೆಚ್ಚಿನ ಯೋಧರದ್ದು ಬಲಗೈಯಲ್ಲಿದ್ದರೆ ಅನುಮಾನಪಡಿ. 1200 ಡಿಪಿಐ ಸ್ಕ್ಯಾನ್‌ನಲ್ಲಿ ಇದು ಕಾಣುತ್ತದೆ. ಮುದ್ರಿತ ಪುಸ್ತಕದಿಂದ ತೆಗೆದದ್ದಾದರೆ ಕಾಣುವುದು ಬರೀ ಮುದ್ರಣದ ಚುಕ್ಕೆಗಳು.