ಬಂದದ್ದು ಫಿಟ್ಸೋ, ತಲೆಸುತ್ತಿ ಬಿದ್ದದ್ದೋ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಹಾಸನದಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳು ಕಳೆದ ತಿಂಗಳು ಕಾಲೇಜಿನಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತಿದ್ದಾಗ ಕುಸಿದು ಬಿದ್ದಳು. ಅಂದು ತಿಂಡಿ ತಿನ್ನದೆ ಹೋಗಿದ್ದಳು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಕೈಕಾಲು ಅದುರಿದವೆಂದೂ ಬಟ್ಟೆ ಒದ್ದೆಯಾಯಿತೆಂದೂ ಗೆಳತಿಯರು ಹೇಳಿದರು. ಯಾರೋ ಕೈಗೆ ಬೀಗದ ಕೈ ಗೊಂಚಲು ಹಿಡಿಸಿದರಂತೆ. ನಾವು ತೋರಿಸಿದ ವೈದ್ಯರು ಫಿಟ್ಸ್ ಎಂದು ಮಾತ್ರೆ ಬರೆದುಕೊಟ್ಟಿದ್ದಾರೆ, ಆದರೆ ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ಮತ್ತು ತಲೆಯ ಸ್ಕ್ಯಾನ್ ಎರಡೂ ನಾರ್ಮಲ್ ಬಂದಿವೆ. ಹಿಂದೊಮ್ಮೆ ರಕ್ತಪರೀಕ್ಷೆಗೆ ಸೂಜಿ ಚುಚ್ಚಿದಾಗಲೂ ಬಿದ್ದಿದ್ದಳು. ಇನ್ನೊಮ್ಮೆ ಬಿಸಿನೀರಿನಲ್ಲಿ ತಲೆಸ್ನಾನ ಮಾಡಿ ಹೊರಬಂದವಳು ಕಣ್ಣು ಕತ್ತಲೆ ಬರುತ್ತಿದೆ ಎಂದು ಗೋಡೆ ಹಿಡಿದು ಕುಳಿತಿದ್ದಳು. ರಿಪೋರ್ಟ್ ನಾರ್ಮಲ್ ಇರುವುದರಿಂದ ಇದು ಫಿಟ್ಸ್ ಅಲ್ಲವೆಂದು ನಂಬಿ ಮಾತ್ರೆ ನಿಲ್ಲಿಸಬಹುದೇ? ನಾಳೆ ಮದುವೆಯ ಮಾತು ಬಂದಾಗ ತೊಂದರೆಯಾಗುತ್ತದೆ, ಯಾರಿಗೂ ಹೇಳಬೇಡ ಎಂದು ಮನೆಯ ಹಿರಿಯರು ಹೇಳುತ್ತಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಉತ್ತರ: ಮೈಸೂರಿನ ಒಬ್ಬ ನರರೋಗ ವೈದ್ಯ

ಅಮ್ಮಾ, ಮೊದಲನೆಯದಾಗಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅಪಸ್ಮಾರವೇ, ಅಂದರೆ ಪದೇ ಪದೇ ಫಿಟ್ಸ್ ಬರುವ ಕಾಯಿಲೆಯೇ ಆಗಿದ್ದ ಪಕ್ಷದಲ್ಲಿ ದಿಢೀರನೆ ನಿಲ್ಲಿಸುವುದು ಅಪಾಯಕಾರಿ. ಎರಡನೆಯದಾಗಿ, ನಾರ್ಮಲ್ ಇಇಜಿಯಿಂದ ಯಾವ ತೀರ್ಮಾನಕ್ಕೂ ಬರಲಾಗದು, ಏಕೆಂದರೆ ಅಪಸ್ಮಾರ ಇರುವವರಲ್ಲೇ ಸುಮಾರು ಅರ್ಧದಷ್ಟು ಜನರಿಗೆ ಮೊದಲ ಇಇಜಿಯಲ್ಲಿ ಏನೂ ಕಾಣಿಸುವುದಿಲ್ಲ. ಎಂದೂ ಫಿಟ್ಸ್ ಬಾರದ ಕೆಲವರ ಇಇಜಿಯಲ್ಲಿ ದೋಷ ಕಾಣಿಸುವುದೂ ಉಂಟು. ಈ ರೋಗನಿರ್ಣಯ ನಿಂತಿರುವುದು ಬೀಳುವ ಮುನ್ನ, ಬಿದ್ದಾಗ ಮತ್ತು ಎದ್ದ ಮೇಲೆ ಏನೇನಾಯಿತು ಎಂದು ಕಣ್ಣಾರೆ ಕಂಡವರು ಹೇಳುವ ವಿವರದ ಮೇಲೆ.

ಕೈಕಾಲು ಅದುರಿದರೆ ಅದು ಫಿಟ್ಸೇ ಎಂಬ ನಂಬಿಕೆ ವೈದ್ಯರಲ್ಲೂ ಗಟ್ಟಿಯಾಗಿದೆ. ಆದರೆ ಜರ್ಮನಿಯ ಸಂಶೋಧಕರು ಆರೋಗ್ಯವಂತ ಯುವಜನರಿಗೆ ಬೇಕೆಂದೇ ತಲೆಸುತ್ತು ಬರಿಸಿ, ಚಿತ್ರೀಕರಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೂರ್ತಿ ಪ್ರಜ್ಞೆ ತಪ್ಪಿದ 42 ಮಂದಿಯಲ್ಲಿ ಶೇಕಡ 90ರಷ್ಟು ಜನರ ಕೈಕಾಲು ಅದುರಿದ್ದವು. ಮಿದುಳಿಗೆ ಕೆಲವು ಕ್ಷಣ ರಕ್ತ ಸಾಲದಾದಾಗ ಹೀಗಾಗುತ್ತದೆ. ಕಣ್ಣು ಮೇಲಾಗುವುದು ಅದರಲ್ಲೂ ಉಂಟು. ಮೂತ್ರ ಹೋಗುವುದು ಎರಡರಲ್ಲೂ ಆಗಬಹುದಾದ್ದರಿಂದ ಅದನ್ನು ಸಾಕ್ಷಿಯಾಗಿ ಹಿಡಿಯಬೇಡಿ.

ಹಾಗಾದರೆ ಯಾವುದನ್ನು ಹಿಡಿಯಬೇಕು? ರಕ್ತದೊತ್ತಡ ಇಳಿದು ಬೀಳುವವರು ಸಾಮಾನ್ಯವಾಗಿ ನಿಂತಿದ್ದಾಗ, ಹಸಿದಿದ್ದಾಗ, ಸೆಖೆಯಲ್ಲಿ ಅಥವಾ ಸೂಜಿ ಕಂಡಾಗ ಬೀಳುತ್ತಾರೆ. ಅದಕ್ಕೆ ಮೊದಲು ಬೆವರು, ವಾಕರಿಕೆ, ಕಣ್ಣು ಕತ್ತಲೆ ಬರುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಅದುರುವಿಕೆ ಕೆಲವೇ ಸೆಕೆಂಡುಗಳಲ್ಲಿ ಮುಗಿದು, ಮಲಗಿಸಿದ ಕೂಡಲೇ ಎಚ್ಚರವಾಗಿ, ತಾನು ಎಲ್ಲಿದ್ದೇನೆಂದು ಬೇಗನೆ ಗುರುತಿಸುತ್ತಾರೆ. ಮೈಯೆಲ್ಲ ಸೆಟೆದು ಬರುವ ಅಪಸ್ಮಾರದ ಸೆಳವು ಮಲಗಿದ್ದಾಗಲೂ ನಿದ್ದೆಯಲ್ಲೂ ಬರಬಹುದು. ಅದು ಸಾಮಾನ್ಯವಾಗಿ 1ರಿಂದ 3 ನಿಮಿಷ ಇರುತ್ತದೆ, ನಾಲಗೆಯ ಪಕ್ಕ ಕಚ್ಚಿ ಗಾಯವಾಗಬಹುದು, ಸೆಳವು ನಿಂತ ಮೇಲೂ ಬಹಳ ಹೊತ್ತು ಮಂಕು ಕವಿದಿರುತ್ತದೆ.

ಸ್ನಾನದ ವಿಷಯ ಹೇಳಿದ್ದು ಒಳ್ಳೆಯದಾಯಿತು. ಬಿಸಿನೀರನ್ನು ತಲೆಯ ಮೇಲೆ ಸುರಿದುಕೊಂಡಾಗ ಬರುವ ಒಂದು ವಿಧದ ಅಪಸ್ಮಾರ ಜಗತ್ತಿನ ಬೇರೆ ಕಡೆಗಳಿಗಿಂತ ನಮ್ಮ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಅದರಲ್ಲಿ ನೀರು ಹೊಯ್ದುಕೊಳ್ಳುತ್ತಿರುವಾಗಲೇ ನೋಟ ಒಂದೆಡೆ ನೆಟ್ಟುಬಿಡುತ್ತದೆ, ಕರೆದರೆ ಓಗೊಡುವುದಿಲ್ಲ, ಅಸಂಬದ್ಧವಾಗಿ ಮಾತನಾಡುತ್ತಾರೆ. ಕೆಲವರು ಚೆಂಬಿನ ಮೇಲೆ ಚೆಂಬು ಸುರಿದುಕೊಳ್ಳುತ್ತಲೇ ಇರುತ್ತಾರೆ. ನಿಮ್ಮ ಮಗಳು ಹೊರಗೆ ಬಂದ ಮೇಲೆ ಕಣ್ಣು ಕತ್ತಲೆ ಬಂತೆಂದು ತಾನೇ ಹೇಳಿ ಕುಳಿತದ್ದು ಹಾಗೆ ಕಾಣುವುದಿಲ್ಲ. ಬಿಸಿನೀರಿನಿಂದ ರಕ್ತನಾಳಗಳು ಹಿಗ್ಗಿ ಒತ್ತಡ ಇಳಿದಿರಬಹುದು.

ಪರೀಕ್ಷಿಸದೆ ಇಷ್ಟಕ್ಕಿಂತ ಹೆಚ್ಚು ಹೇಳಲಾರೆ. ಕಾಲೇಜಿನಲ್ಲಿ ಅವಳ ಪಕ್ಕದಲ್ಲೇ ನಿಂತಿದ್ದ ಹುಡುಗಿಯೊಬ್ಬಳನ್ನು ಕರೆದುಕೊಂಡು ನರರೋಗ ತಜ್ಞರನ್ನು ಕಾಣಿರಿ. ಬಿದ್ದಾಗ ಎಷ್ಟು ಹೊತ್ತಿಗೆ ಎಚ್ಚರವಾಯಿತು? ಹೃದಯದ ಬಡಿತವನ್ನು ದಾಖಲಿಸುವ ಇಸಿಜಿ ತೆಗೆಸಿದ್ದೀರಾ? ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವರು ಇದ್ದಾರೆಯೇ?

ಉತ್ತರ: ತುಮಕೂರಿನ ಓದುಗರೊಬ್ಬರು

ವೈದ್ಯರು ಹೇಳಿದ ಎರಡಲ್ಲದೆ ಮೂರನೆಯದೂ ಒಂದಿದೆ: ಫಿಟ್ಸಿನಂತೆಯೇ ಕಾಣುವ, ಆದರೆ ಮನಸ್ಸಿಗೆ ಸಂಬಂಧಿಸಿದ ಸೆಳವು. ನನ್ನ ಹೆಂಡತಿಗೆ ವರ್ಷಗಟ್ಟಲೆ ಫಿಟ್ಸ್ ಎಂದೇ ಚಿಕಿತ್ಸೆ ನಡೆಯಿತು. ಮಾತ್ರೆ ಹೆಚ್ಚಿಸಿದಷ್ಟೂ ಮಂಪರು ಹೆಚ್ಚಾಯಿತೇ ಹೊರತು ಸೆಳವು ನಿಲ್ಲಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಇರಿಸಿಕೊಂಡು ವಿಡಿಯೋ ಇಇಜಿ ಮಾಡಿದರು. ಸೆಳವು ಬಂದ ಹೊತ್ತಿನಲ್ಲಿ ಮಿದುಳಿನ ವಿದ್ಯುತ್ತಿನಲ್ಲಿ ಅಪಸ್ಮಾರದ ಬದಲಾವಣೆ ಇರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿರುವುದು, ತಲೆ ಅತ್ತಿತ್ತ ಹೊರಳುವುದು, ಸೆಳವು ಏರಿಳಿಯುತ್ತಾ ಹಲವು ನಿಮಿಷ ನಡೆಯುವುದು, ಇವೆಲ್ಲ ಮೊದಲಿನಿಂದಲೂ ಇದ್ದವು, ಯಾರೂ ಕೇಳಿರಲಿಲ್ಲ. ಇದು ನಟನೆಯಲ್ಲ, ಅವಳ ಹಿಡಿತದಲ್ಲಿ ಇರುವುದೂ ಅಲ್ಲ ಎಂಬುದನ್ನು ದಯವಿಟ್ಟು ಎಲ್ಲರೂ ಅರ್ಥಮಾಡಿಕೊಳ್ಳಬೇಕು. ಅವಳನ್ನು ನಾಟಕ ಮಾಡುತ್ತಾಳೆ ಎಂದವರಿಂದ ಆದ ನೋವು ರೋಗದ್ದಕ್ಕಿಂತ ದೊಡ್ಡದು. ಈಗ ಆಪ್ತಸಮಾಲೋಚನೆಯಿಂದ ಬಹಳಷ್ಟು ಸುಧಾರಿಸಿದ್ದಾಳೆ. ಇಂತಹ ಕೆಲವರಿಗೆ ಅಪಸ್ಮಾರವೂ ಜೊತೆಗಿರಬಹುದು ಎಂದು ವೈದ್ಯರು ಎಚ್ಚರಿಸಿದ್ದಾರೆ. ಮತ್ತೆ ಹಾಗಾದರೆ ಮಗಳನ್ನು ಒಂದು ಮಗ್ಗುಲಿಗೆ ಮಲಗಿಸಿ, ಒಬ್ಬರು ಮೊಬೈಲಿನಲ್ಲಿ ಮುಖ ಮತ್ತು ಕೈಕಾಲು ಕಾಣುವಂತೆ ವಿಡಿಯೋ ತೆಗೆಯಿರಿ. ಕೈಗೆ ಕಬ್ಬಿಣ, ಬಾಯಿಗೆ ಚಮಚ ಬೇಡ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒಂದು ನಿಮಿಷದೊಳಗೆ ಎಚ್ಚರವಾಗಿ, ಪ್ರಾರ್ಥನೆ ಮುಗಿಯಿತಾ ಎಂದು ಕೇಳಿದಳಂತೆ. ಬೀಳುವ ಮುನ್ನ ಕಿವಿ ಗುಂಯ್ ಎಂದದ್ದು ಅವಳಿಗೆ ನೆನಪಿದೆ. ಇಸಿಜಿ ತೆಗೆಸಿಲ್ಲ. ನನ್ನ ತಮ್ಮ ಇಪ್ಪತ್ತರ ಹರೆಯದಲ್ಲಿ ಕೆರೆಯಲ್ಲಿ ಈಜುತ್ತಿದ್ದಾಗ ತೀರಿಕೊಂಡ. ಅವನು ಚೆನ್ನಾಗಿ ಈಜು ಬಲ್ಲವನಾಗಿದ್ದ.

ಉತ್ತರ: ಮೈಸೂರಿನ ಒಬ್ಬ ನರರೋಗ ವೈದ್ಯ

ಅಮ್ಮಾ, ಎಚ್ಚರವಾದ ಬಗೆ ನೋಡಿದರೆ ಅಪಸ್ಮಾರಕ್ಕಿಂತ ರಕ್ತದೊತ್ತಡ ಇಳಿದದ್ದೇ ಹೆಚ್ಚು ಸಂಭವ. ಆದರೆ ತಮ್ಮನ ಸಂಗತಿ ಕೇಳಿದ ಮೇಲೆ ನಾಳೆಯೇ ಇಸಿಜಿ ಮಾಡಿಸಿ ಎನ್ನುತ್ತೇನೆ. ಹೃದಯದ ಬಡಿತ ಹಾದಿ ತಪ್ಪುವ, ವಂಶದಲ್ಲಿ ಇಳಿದುಬರುವ ಕೆಲವು ಕಾಯಿಲೆಗಳಲ್ಲಿ ಈಜುವಾಗಲೋ ಓಡುವಾಗಲೋ ಅಲಾರಂ ಸದ್ದಿಗೋ ಪ್ರಜ್ಞೆ ತಪ್ಪುತ್ತದೆ, ಕೈಕಾಲು ಅದುರುತ್ತದೆ. ಅದನ್ನು ಫಿಟ್ಸ್ ಎಂದು ಭಾವಿಸಿದರೆ ಪ್ರಾಣಕ್ಕೇ ಕುತ್ತು. ಇಸಿಜಿಯಲ್ಲಿ ಕ್ಯೂಟಿ ಅಂತರವನ್ನು (ಪ್ರತಿ ಬಡಿತದಲ್ಲಿ ಹೃದಯದ ವಿದ್ಯುತ್ ಚಟುವಟಿಕೆ ಶುರುವಾಗಿ ಸಹಜ ಸ್ಥಿತಿಗೆ ಮರಳಲು ಹಿಡಿಯುವ ಸಮಯ) ಅಳೆದು ನೋಡಿ ಎಂದು ಹೃದ್ರೋಗ ತಜ್ಞರಿಗೆ ನೇರವಾಗಿ ಹೇಳಿ, ತಮ್ಮನ ಸಾವಿನ ವಿವರವನ್ನು ಮುಚ್ಚಿಡದೆ ತಿಳಿಸಿ. ವರದಿ ಬರುವವರೆಗೆ ಮಗಳು ಈಜಲು ಹೋಗಬಾರದು, ಆಟೋಟದ ಸ್ಪರ್ಧೆಗಳಲ್ಲೂ ಭಾಗವಹಿಸಬಾರದು.