‘ಕ್ಷಿಪ್ರಕ್ರಾಂತಿ’ಗೆ ಬದಲು ಪದ ಬೇಕು: ಕಾಂಗೋ, ಸೆಪ್ಟೆಂಬರ್ 1960

ಪದಬಲ್ಲವರೇ,

ಕಾಂಗೋ ದೇಶದ 1960ರ ಅಧಿಕಾರದ ಜಗಳದ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದು ಸೆಪ್ಟೆಂಬರ್ 14ಕ್ಕೆ ಬಂದು ನಿಂತಿದೆ.

ಅಲ್ಲಿಯವರೆಗೆ ಪದಗಳಿಗೆ ಕೊರತೆಯಾಗಲಿಲ್ಲ. ಜೂನ್ 30ರಂದು ಬೆಲ್ಜಿಯಂ ಆಳ್ವಿಕೆ ಮುಗಿಯಿತು. ವಾರ ತುಂಬುವ ಮೊದಲೇ ಸೈನಿಕರು ತಮ್ಮ ಬಿಳಿಯ ಅಧಿಕಾರಿಗಳ ಮೇಲೆ ತಿರುಗಿಬಿದ್ದರು, ಅದು ದಂಗೆ. ಸೆಪ್ಟೆಂಬರ್ 5ರ ಸಂಜೆ ಅಧ್ಯಕ್ಷ ಕಾಸಾವುಬು ಪ್ರಧಾನಿ ಲುಮುಂಬಾ ಅವರನ್ನು ರೇಡಿಯೋದಲ್ಲಿ ವಜಾ ಮಾಡಿದರು. ಅಂದೇ ರಾತ್ರಿ ಲುಮುಂಬಾ ಕೂಡ ರೇಡಿಯೋದಲ್ಲಿ ಮಾತನಾಡಿ ಅಧ್ಯಕ್ಷರನ್ನೇ ತೆಗೆದುಹಾಕಿರುವುದಾಗಿ ಸಾರಿದರು. ಅಂದಿನ ತಾತ್ಕಾಲಿಕ ಸಂವಿಧಾನ ಪ್ರಧಾನಿಯನ್ನು ತೆಗೆಯುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿತ್ತು, ಅಧ್ಯಕ್ಷರನ್ನು ತೆಗೆಯುವ ಅಧಿಕಾರವನ್ನು ಪ್ರಧಾನಿಗೆ ಕೊಟ್ಟಿರಲಿಲ್ಲ. ಹಾಗಾಗಿ ಮೊದಲನೆಯದಕ್ಕೆ ಮಾತ್ರ ‘ವಜಾ’ ಎಂದು ಬರೆದಿದ್ದೇನೆ. ಸಂಸತ್ತಿನ ಕೆಳಮನೆ ಎರಡನ್ನೂ ರದ್ದುಪಡಿಸಿತು.

ಕಗ್ಗಂಟು ಇರುವುದು ಮುಂದೆ, ಸೆಪ್ಟೆಂಬರ್ 14ರಂದು. ಲುಮುಂಬಾ ಅವರೇ ಸೇನೆಯ ಉನ್ನತ ಹುದ್ದೆಗೆ ತಂದಿದ್ದ 29 ವರ್ಷದ ಕರ್ನಲ್ ಮೊಬುಟು, ಅಧ್ಯಕ್ಷ ಮತ್ತು ಪ್ರಧಾನಿ ಇಬ್ಬರನ್ನೂ ವರ್ಷಾಂತ್ಯದವರೆಗೆ ‘ತಟಸ್ಥಗೊಳಿಸಿರುವುದಾಗಿ’ ಪ್ರಕಟಿಸಿದರು. ಅವರು ಬಳಸಿದ ಫ್ರೆಂಚ್ ಪದಕ್ಕೆ ನಿಘಂಟು ಕೊಡುವ ಅರ್ಥವೇನೋ ಅದೇ. ಆದರೆ ಕನ್ನಡದಲ್ಲಿ ತಟಸ್ಥನಾಗುವವನು ತಾನಾಗಿ ದಡದಲ್ಲಿ ನಿಲ್ಲುವವನು. ಬಂದೂಕು ತೋರಿಸಿ ಯಾರನ್ನೂ ತಟಸ್ಥಗೊಳಿಸಲಾಗದು. ಬಾಂಬ್ ವಿಷಯದಲ್ಲಿ ಬಳಸುವ ‘ನಿಷ್ಕ್ರಿಯಗೊಳಿಸು’ ಇಲ್ಲಿ ಒಪ್ಪುತ್ತದೆ ಎಂದು ನನಗೆ ತೋರುತ್ತದೆ. ಮುಂದೆ ಕಾಸಾವುಬು ಅಧ್ಯಕ್ಷರಾಗಿಯೇ ಉಳಿದರು. ಡಿಸೆಂಬರ್ ಮೊದಲಲ್ಲಿ ಸೆರೆಸಿಕ್ಕ ಲುಮುಂಬಾ ಅವರನ್ನು 1961ರ ಜನವರಿ 17ರಂದು ಕಟಾಂಗ ಪ್ರಾಂತ್ಯದಲ್ಲಿ ಕೊಲ್ಲಲಾಯಿತು.

ಇಡೀ ಘಟನೆಗೆ ನಮ್ಮ ಪತ್ರಿಕೆಗಳು ಬಳಸುವ ಪದ ‘ಕ್ಷಿಪ್ರಕ್ರಾಂತಿ’. ಇದನ್ನು ಬರೆಯಲು ನನ್ನ ಕೈ ಬರುತ್ತಿಲ್ಲ. ಕಲ್ಯಾಣ ಕ್ರಾಂತಿ, ಹಸಿರು ಕ್ರಾಂತಿ ಎಂದು ಕೇಳಿ ಬೆಳೆದ ನಮಗೆ ಕ್ರಾಂತಿ ಎಂದರೆ ಬದುಕು ಮಗ್ಗುಲು ಬದಲಿಸುವುದು. ಚುನಾಯಿತ ಪ್ರಧಾನಿಯನ್ನು ಕೆಳಗಿಳಿಸಿದವನಿಗೆ ಆ ಗೌರವ ಸಲ್ಲದು. 1965ರ ನವೆಂಬರ್‌ನಲ್ಲಿ ಇದೇ ಮೊಬುಟು ಕಾಸಾವುಬು ಅವರನ್ನೂ ಇಳಿಸಿ, 1997ರವರೆಗೆ ತಾವೇ ಆಳಿದರು. ಅದಕ್ಕೂ ಕ್ರಾಂತಿ ಎನ್ನುವುದೇ? ‘ಸೇನಾದಂಗೆ’ಯೂ ಆಗದು. ದಂಗೆ ಕೆಳಗಿನವರು ಏಳುವುದು. ಜುಲೈನಲ್ಲಿ ಆದದ್ದು ಅದು. ಭೂಕಬಳಿಕೆಯ ಮಾದರಿಯಲ್ಲಿ ‘ಅಧಿಕಾರ ಕಬಳಿಕೆ’ ಎಂದರೆ ಓದುಗರಿಗೆ ಥಟ್ಟನೆ ತಿಳಿಯುತ್ತದೆ, ಆದರೆ ಸೇನೆಯ ಪಾತ್ರ ಅದರಲ್ಲಿ ಕಾಣುವುದಿಲ್ಲ.

ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ ಒಡೆಯರನ್ನು ಗದ್ದುಗೆಯಲ್ಲೇ ಕೂರಿಸಿ ಅವರ ಸೇನಾಪತಿಗಳಾದ ದಳವಾಯಿಗಳು ರಾಜ್ಯ ನಡೆಸಿದರು. ಮೊದಲ ಸಲ ಮೊಬುಟು ಮಾಡಿದ್ದೂ ಬಹುಮಟ್ಟಿಗೆ ಅದನ್ನೇ. ಆ ಕಾಲದ ಬಖೈರು (ಚರಿತ್ರೆಯ ಬರಹ), ಕಾಗದಪತ್ರಗಳಲ್ಲಿ ದಳವಾಯಿಗಳ ಈ ನಡೆಗೆ ಬಳಸಿದ ಪದವನ್ನು ಯಾರಾದರೂ ಕಂಡಿದ್ದರೆ, ವಾಕ್ಯಸಹಿತ ತಿಳಿಸಬೇಕಾಗಿ ವಿನಂತಿ.