ಬ್ರೊಂಜಿನೊ ಬರೆದ ಎಲೆಯೊನೋರಾ: ಮುಖದಲ್ಲಿ ಅಕ್ಕರೆ ಇದೆಯೇ?

ಮಸಿಕುಡಿಕೆ: ಇಟಲಿಯ ಫ್ಲಾರೆನ್ಸಿನ ಉಫೀಜಿ ಗ್ಯಾಲರಿಯಲ್ಲಿರೋ, ಕಲಾವಿದ ಬ್ರೊಂಜಿನೊ ಬರೆದ ಈ ಚಿತ್ರದ ಫೋಟೋನ ನಿನ್ನೆಯಿಂದ ನೋಡ್ತಾ ಇದೀನಿ. 1545ರ ಹೊತ್ತಿನದು. ಡ್ಯೂಕ್ ಕೋಸಿಮೊನ ಹೆಂಡತಿ ಎಲೆಯೊನೋರಾ, ಪಕ್ಕದಲ್ಲಿ ಪುಟ್ಟ ಮಗ ಜೊವಾನ್ನಿ. ಎಷ್ಟು ನೋಡಿದ್ರೂ ಅಮ್ಮನ ಮುಖದಲ್ಲಿ ಒಂದು ಹನಿ ಅಕ್ಕರೆ ಕಾಣಲ್ಲ. ನಿಮಗೇನನ್ಸುತ್ತೆ?

ತೈಲವರ್ಣ: ಅದು ಅರಮನೆಯ ಡಂಗುರ ಸ್ವಾಮಿ. ಕೋಸಿಮೊ ಫ್ಲಾರೆನ್ಸ್ ಆಳಿದ ಮೆದಿಚಿ ಮನೆತನದ ಪಕ್ಕದ ಕವಲಿನವನು, 1537ರಲ್ಲಿ ಗದ್ದುಗೆ ಏರಿದಾಗ 17 ವರ್ಷ. ತನ್ನ ವಂಶ ಬೇರುಬಿಟ್ಟಿದೆ ಅಂತ ಸಾರಬೇಕಿತ್ತು. ಅದಕ್ಕೇ ಎದೆಯ ನಟ್ಟನಡುವೆ ಅಷ್ಟು ದೊಡ್ಡ ದಾಳಿಂಬೆ ವಿನ್ಯಾಸ. ಬೀಜ ತುಂಬಿದ ಹಣ್ಣು, ಸಂತಾನದ ಗುರುತು.

ಮಸಿಕುಡಿಕೆ: ವಂಶದ ಮಾತಾದ್ರೆ ಹಿರಿಮಗ ಫ್ರಾಂಚೆಸ್ಕೊ ನಿಲ್ಬೇಕಿತ್ತಲ್ವಾ? ಇವನು ಎರಡನೇ ಗಂಡು.

ತೈಲವರ್ಣ: ಅಲ್ಲೇ ಇರೋದು ಮಜಾ. ಹಿರಿಯನಿಗೆ ಏನಾದರೂ ಆದರೆ ಇನ್ನೊಬ್ಬ ಇದ್ದಾನೆ ಅಂತ ಹೇಳಿದ ಹಾಗೆ. ನಾನು ಓದೋದು ಹೀಗೆ.

ಅರಳೆಬತ್ತಿ: ಇದೇ ಉಡುಪಿನಲ್ಲಿ ಅವಳನ್ನ ಹೂಳಿದ್ರಂತೆ ಅಲ್ವಾ?

ಜರಿಅಂಚು: ಆ ಕಥೆ ಬಿಡಿ ಮಾರಾಯ್ರೆ! 1857ರಲ್ಲಿ ಸಮಾಧಿ ತೆಗೆದಾಗ ಸಿಕ್ಕ ಬಟ್ಟೆಯನ್ನ ಎಷ್ಟೋ ಕಾಲದ ಮೇಲೆ ಶುಚಿ ಮಾಡಿ ಜೋಡಿಸಿದರೆ, ಬೇರೆಯೇ ಉಡುಪು. ಮಖಮಲ್ ಪಟ್ಟಿ ಹಾಕಿದ ಸ್ಯಾಟಿನ್. ನಾನು ಹೊಲಿಗೆಯವಳು, ನನ್ನ ಕಣ್ಣು ಮೊದಲು ಹೋಗಿದ್ದೇ ಬಟ್ಟೆ ಮೇಲೆ. ಚಿತ್ರದಲ್ಲಿರೋದು ಮೈಗೆ ಒಗ್ಗಿಲ್ಲ, ತಗಡಿನ ಹಾಗೆ ನಿಂತಿದೆ.

ಮಸಿಕುಡಿಕೆ: ನಾನ್ ಹೇಳಿದ್ದೂ ಅದೇ. ತಗಡಿನ ತಾಯಿ!

ಜರಿಅಂಚು: ತಾಳಿ, ಬಟ್ಟೆ ಬಗ್ಗೆ ಹೇಳಿದ್ದು. ಕೈ ನೋಡಿದ್ರಾ? ಮಗನ ಹೆಗಲ ಮೇಲಿದೆ.

ತೈಲವರ್ಣ: ಅದೂ ಪದ್ಧತಿಯೇ, 'ಇವನು ನನ್ನವನು' ಅಂತ ತೋರಿಸಕ್ಕೆ. ಅವಳ ಮುಖದ ಸುತ್ತ ನೀಲಿ ತಿಳಿಯಾಗಿದೆ ನೋಡಿ, ಮೇರಿ ಮಾತೆಯ ಪ್ರಭಾವಳಿ ಥರ. ಎಲ್ಲ ಲೆಕ್ಕ ಹಾಕಿ ಬರೆದದ್ದು.

ಜರಿಅಂಚು: ಲೆಕ್ಕ ಹಾಕಿದ ಕಡೆ ಅಕ್ಕರೆ ಇರಬಾರದು ಅಂತ ಯಾರು ಹೇಳಿದ್ದು? ನಾವೂ ಫೋಟೋಗೆ ಬಿಗಿಯಾಗೇ ನಿಲ್ತೀವಿ. ಅದೂ ಎರಡು ವರ್ಷದ ಮಗು, ಹೆಗಲು ಬಿಟ್ಟರೆ ಓಡಿಹೋಗಲ್ವಾ!

ಅರಳೆಬತ್ತಿ: 1562ರಲ್ಲಿ ತಾಯಿ, ಮಗ ಇಬ್ಬರೂ ತಿಂಗಳೊಳಗೆ ಮಲೇರಿಯಾಗೆ ಹೋದರು. ಅದು ಗೊತ್ತಾದ್ಮೇಲೆ ಆ ಕೈ ನೋಡಿದ್ರೆ ಸಂಕಟ ಆಗತ್ತೆ.

ತೈಲವರ್ಣ: ಆದರೆ ಬ್ರೊಂಜಿನೊಗೆ ಅದು ಗೊತ್ತಿರಲಿಲ್ಲ ರೀ. 17 ವರ್ಷ ಆಮೇಲಿನ ಸಾವನ್ನ ಇಲ್ಲಿಗೆ ತರಬೇಡಿ.

ಮಸಿಕುಡಿಕೆ: ಜೂಮ್ ಮಾಡಿ ನೋಡಿದೆ. ಮುಖದ ವಿಷಯದಲ್ಲಿ ನನ್ನ ಮಾತು ಬದಲಿಲ್ಲ. ಕೈ ಬಗ್ಗೆ ನಾಳೆ ಹೇಳ್ತೀನಿ.